ಮಗಳನ್ನು ಸಿಸ್ಟರ್‌ಗಳ ಕನ್ನಡ ಹೈಸ್ಕೂಲಿಗೆ ಸೇರಿಸಿ ಒಂದು ವರ್ಷ ಆಯಿತು

ಹೊಲಿಗೆಮನೆ, ಕೇಸರೆ | ಮೇ 11, 2025

ಹೋದ ವರ್ಷ ಇದೇ ಹೊತ್ತಿಗೆ ಇಲ್ಲಿ ಒಂದು ಪ್ರಶ್ನೆ ಹಾಕಿದ್ದೆ. ಮಗಳನ್ನು ಇಂಗ್ಲಿಷ್ ಮೀಡಿಯಂ ಬಿಡಿಸಿ, ಸಿಸ್ಟರ್‌ಗಳು ನಡೆಸುವ ಅನುದಾನಿತ ಕನ್ನಡ ಹೈಸ್ಕೂಲಿಗೆ ಎಂಟನೇ ಕ್ಲಾಸಿಗೆ ಸೇರಿಸಲಾ, ಬೇಡವಾ ಎಂದು. ತುಂಬಾ ಜನ ಉತ್ತರ ಕೊಟ್ಟಿದ್ದೀರಿ. ಅರ್ಧ ಜನ ಸೇರಿಸಿ ಎಂದಿರಿ, ಅರ್ಧ ಜನ ಬೇಡವೇ ಬೇಡ ಎಂದಿರಿ. ನಾನು ಸೇರಿಸಿದೆ. ವರ್ಷ ಆದಮೇಲೆ ಬಂದು ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅದಕ್ಕೆ ಇವತ್ತು ಮಿಷನ್ ಮುಚ್ಚಿಟ್ಟು ಕೂತಿದ್ದೇನೆ. ಉದ್ದ ಆಗುತ್ತದೆ. ಬಿಡುವಾದಾಗ ಓದಿ.

ಶಾಲೆಯ ಹೆಸರು ಹಾಕುವುದಿಲ್ಲ. ಮೈಸೂರಿನಲ್ಲಿ ಇಂಥ ಶಾಲೆಗಳು ಹಲವು ಇವೆ. ನಾನು ಬರೆಯುವುದು ಬೇರೆ ಕಡೆಯೂ ಹೆಚ್ಚುಕಡಿಮೆ ಹೀಗೇ ಇರಬಹುದು.

ಮೊದಲು ಯಾಕೆ ಬಿಡಿಸಿದೆ ಎಂದು ಹೇಳುತ್ತೇನೆ. ಹಿಂದಿನ ಶಾಲೆಯಲ್ಲಿ ಏಳನೇ ಕ್ಲಾಸಿನ ಪರೀಕ್ಷೆ ದಿನ, ಫೀಸು ಬಾಕಿ ಎಂದು ಅವಳನ್ನು ವರಾಂಡದಲ್ಲಿ ನಿಲ್ಲಿಸಿದರು. ಮುಕ್ಕಾಲು ಗಂಟೆ. ನಮ್ಮ ಯಜಮಾನರು ಸ್ಟ್ಯಾಂಡಿನಲ್ಲಿ ಆಟೋ ಬಿಟ್ಟು ಓಡಿಹೋಗಿ ಚೀಟಿ ದುಡ್ಡು ಕಟ್ಟಿದ ಮೇಲೆ ಒಳಗೆ ಬಿಟ್ಟರು. ಅವತ್ತು ರಾತ್ರಿ ಅವಳು ಊಟ ಮಾಡಲಿಲ್ಲ. "ಅಮ್ಮ, ಎಲ್ಲರೂ ಕಿಟಕೀಲಿ ನೋಡ್ತಿದ್ರು" ಎಂದಳು, ಅಷ್ಟೇ. ನನಗೆ ಸಾಕಾಯಿತು.

ಈ ಶಾಲೆ ಶುರುವಾದ ದಿನ ಗೇಟಿಗೆ ಮಾವಿನ ತೋರಣ ಕಟ್ಟಿದ್ದರು. ಬೆಲ್ ಅಂದರೆ ಮರಕ್ಕೆ ನೇತುಹಾಕಿದ ರೈಲು ಹಳಿಯ ತುಂಡು. ಆಯಮ್ಮ ಕಬ್ಬಿಣದ ಸಲಾಕೆಯಲ್ಲಿ ಹೊಡೆದರು. ಮೊದಲು ಪ್ರಾರ್ಥನೆ, ಆಮೇಲೆ ನಾಡಗೀತೆ, ಆಮೇಲೆ ಸಂವಿಧಾನದ ಪೀಠಿಕೆ, ಕೊನೆಗೆ ಒಬ್ಬ ಹುಡುಗಿ ಪೇಪರಿನಿಂದ ಐದು ಸುದ್ದಿ ಓದಿದಳು. ಗೇಟಿನ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡೆ. ಪ್ರಾರ್ಥನೆ ಕೇಳಿದಾಗ ಒಳಗೆ ಸ್ವಲ್ಪ ಅಳುಕಿತ್ತು. ನಾವು ಪಾಂಡವಪುರದ ಕಡೆಯ ಒಕ್ಕಲು ಜನ. ನಮ್ಮತ್ತೆ ಬೇರೆ "ಮಗೂನ ಅವರ ದೇವ್ರಿಗೆ ಸೇರಿಸ್ಕೊಂಡ್ರೆ?" ಎಂದು ಕೇಳಿದ್ದರು.

ಆ ವಾರವೇ ಹೋಗಿ ಹೆಡ್‌ಮಿಸ್ಟ್ರೆಸ್ ಸಿಸ್ಟರನ್ನು ನೇರವಾಗಿ ಕೇಳಿಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಕೈ ಮುಗಿದು ನಿಂತರೆ ಸಾಕಮ್ಮ. ಶಿಲುಬೆ ಗುರುತು ಹಾಕಬೇಕು ಅಂತ ಇಲ್ಲ. ಅವಳಿಗೆ ಗೊತ್ತಿರೋ ದೇವರನ್ನೇ ನೆನೆಸ್ಕೊಳ್ಳಲಿ" ಎಂದರು. ಕ್ರೈಸ್ತ ಮಕ್ಕಳು ಧರ್ಮೋಪದೇಶಕ್ಕೆ ಹೋಗುವ ಪಿರಿಯಡ್‌ನಲ್ಲಿ ಉಳಿದ ಮಕ್ಕಳಿಗೆ ಮೌಲ್ಯ ಶಿಕ್ಷಣ. ಬೇರೆ ಬೇರೆ ಕೋಣೆ, ಬೇರೆ ಪುಸ್ತಕ. ಇಡೀ ವರ್ಷ ಹಾಗೇ ನಡೆಯಿತು.

ಕಷ್ಟ ಆಗಿದ್ದು ದೇವರದಲ್ಲ, ಭಾಷೆಯದು. ಮನೆಯಲ್ಲಿ ಕನ್ನಡ ಮಾತಾಡುವ ಹುಡುಗಿಗೆ ಪುಸ್ತಕದ ಕನ್ನಡ ಬರಲಿಲ್ಲ. ಫೋಟೋಸಿಂಥೆಸಿಸ್ ಗೊತ್ತು, ದ್ಯುತಿಸಂಶ್ಲೇಷಣೆ ಗೊತ್ತಿಲ್ಲ. ಗಣಿತದ ಲ.ಸಾ.ಅ. (ಇಂಗ್ಲಿಷಿನ ಎಲ್‌ಸಿಎಂ) ಎಂದರೆ ಏನು ಎಂದು ನನ್ನನ್ನು ಕೇಳಿದಳು. ನನಗೂ ಮರೆತಿತ್ತು. ವಿಜ್ಞಾನದ ಮೇಡಂ ಒಂದು ಉಪಾಯ ಹೇಳಿಕೊಟ್ಟರು. ನೋಟ್‌ಬುಕ್ಕಿನ ಹಿಂದಿನಿಂದ ಶುರುಮಾಡಿ, ನಡುವೆ ಒಂದು ಗೆರೆ ಎಳೆದು, ಆ ಕಡೆ ಇಂಗ್ಲಿಷ್, ಈ ಕಡೆ ಕನ್ನಡ. ದಿನಕ್ಕೆ ಐದೇ ಪದ. ದಸರಾ ರಜೆ ಬರುವಷ್ಟರಲ್ಲಿ ಹಿಂದಿನಿಂದ ಬಂದ ಪುಟ, ಮುಂದಿನಿಂದ ಬಂದ ಪುಟ ಎರಡೂ ಸೇರಿಬಿಟ್ಟವು. ಆ ನೋಟ್‌ಬುಕ್ ಎತ್ತಿಟ್ಟಿದ್ದೇನೆ.

ಮುಂದಿನದು ಸಂಜೆ ಬರೆಯುತ್ತೇನೆ. ಒಂದು ಮದುವೆ ಬ್ಲೌಸು ಇವತ್ತೇ ಕೊಡಬೇಕು.

ಗಾಂಧಿನಗರ ಕಾಯಿರ್ | ಮೇ 11

ಅಕ್ಕ, ಓದಿ ತುಂಬಾ ಸಂತೋಷ ಆಯಿತು. ನಾನು ಇಂಥದೇ ಒಂದು ಶಾಲೆಯಲ್ಲಿ ಓದಿದವನು, ಈಗ ಚರ್ಚಿನಲ್ಲಿ ಹಾಡುತ್ತೇನೆ. ಜೂನ್ ಅಂದರೆ ನಮಗೆ ಶಾಲೆ ಶುರುವಾಗುವುದರ ಜೊತೆಗೆ ಇನ್ನೊಂದು ನೆನಪಾಗುತ್ತದೆ. ಜೂನ್ 13, ಸಂತ ಅಂತೋಣಿಯವರ ಹಬ್ಬ. ಕೆ.ಆರ್. ನಗರದ ಕಡೆಯ ಡೋರ್ನಹಳ್ಳಿಗೆ ಜನವೋ ಜನ. ಹೊಲ ಉಳುವಾಗ ರೈತನಿಗೆ ಸಂತರ ಮೂರ್ತಿ ಸಿಕ್ಕಿತು ಎಂದು ಅಲ್ಲಿ ಹೇಳುತ್ತಾರೆ. 2019ರಲ್ಲಿ ಅದು ಬಸಿಲಿಕಾ ಆಯಿತು, ಅಂದರೆ ಪೋಪ್ ಕಡೆಯಿಂದ ವಿಶೇಷ ಗೌರವ ಪಡೆದ ಚರ್ಚು. ಹರಕೆ ಹೊತ್ತು ಬರುವವರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇರುತ್ತಾರೆ. ನಮ್ಮ ಕ್ಲಾಸಿನಲ್ಲಿ ಅವತ್ತು ಅರ್ಧ ಬೆಂಚು ಖಾಲಿ. ಮಾರನೇ ದಿನ ಎಲ್ಲರ ಡಬ್ಬಿಯಲ್ಲೂ ಅಲ್ಲಿಂದ ತಂದ ಬ್ರೆಡ್ಡು, ಕಡ್ಲೆಪುರಿ.

ಹೂಟಗಳ್ಳಿ ಅಪ್ಪ | ಮೇ 11

ಮೇಡಂ, ನನ್ನ ಮಗನೂ ಈ ವರ್ಷ ಎಂಟನೇ ಕ್ಲಾಸ್. ನೇರವಾಗಿ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಧರ್ಮದ ವಿಷಯ ನೀವು ಬರೆದಿದ್ದು ಸರಿ, ಆದರೆ ಆ ಸಿಸ್ಟರ್ ಒಳ್ಳೆಯವರು ಎಂದು ಹಾಗೆ ನಡೆಯಿತಾ, ಇಲ್ಲ ನಿಯಮವೇ ಹಾಗಿದೆಯಾ? ಇನ್ನೊಂದು, ಕನ್ನಡ ಮೀಡಿಯಂ ಓದಿದರೆ ಸರ್ಕಾರಿ ಕೆಲಸಕ್ಕೆ ಮೀಸಲಾತಿ ಇದೆ ಎಂದು ಯಾರೋ ಹೇಳಿದರು. ನಿಜವಾ?

ನಿವೃತ್ತ ಮೇಷ್ಟ್ರು, ಬನ್ನಿಮಂಟಪ | ಮೇ 11

ಹೂಟಗಳ್ಳಿಯವರೇ, ಎರಡಕ್ಕೂ ಉತ್ತರ ಹೇಳುತ್ತೇನೆ. ಮೂವತ್ತು ವರ್ಷ ಇಂಥ ಅನುದಾನಿತ ಶಾಲೆಯಲ್ಲಿ ಕನ್ನಡ ಪಾಠ ಮಾಡಿದ್ದೇನೆ. ನಾನು ಕ್ರೈಸ್ತನಲ್ಲ.

ನಿಯಮವೇ ಹಾಗಿದೆ. ಅಲ್ಪಸಂಖ್ಯಾತರು ತಮ್ಮ ಶಾಲೆ ಕಟ್ಟಿ ನಡೆಸಬಹುದು ಎಂದು ಸಂವಿಧಾನದ 30ನೇ ವಿಧಿ ಹೇಳುತ್ತದೆ. ಅದೇ ಸಂವಿಧಾನದ 28ನೇ ವಿಧಿ, ಸರ್ಕಾರದ ಮಾನ್ಯತೆ ಅಥವಾ ಹಣ ಪಡೆಯುವ ಶಾಲೆಯಲ್ಲಿ ಯಾವ ಮಗುವನ್ನೂ ಪೋಷಕರ ಒಪ್ಪಿಗೆ ಇಲ್ಲದೆ ಧರ್ಮಪಾಠಕ್ಕೆ ಕೂರಿಸುವಂತಿಲ್ಲ ಎನ್ನುತ್ತದೆ. ಸರ್ಕಾರದ ಅನುದಾನ ಪಡೆಯುವ ಶಾಲೆ ಬರೀ ಧರ್ಮ, ಜಾತಿ, ಭಾಷೆಯ ಕಾರಣಕ್ಕೆ ಸೀಟು ಇಲ್ಲ ಎನ್ನುವಂತೆಯೂ ಇಲ್ಲ. ಅದು 29ನೇ ವಿಧಿ. ಇದನ್ನು ನಾನು ಪೋಷಕರ ಸಭೆಯಲ್ಲಿ ಪ್ರತಿ ವರ್ಷ ಓದಿ ಹೇಳುತ್ತಿದ್ದೆ. ಕೇಳಿದ ಮೇಲೆ ಜನರಿಗೆ ಸಮಾಧಾನ ಆಗುತ್ತಿತ್ತು.

ಮೀಸಲಾತಿ ಇದೆ, ಶೇ. 5. ಆದರೆ ಒಂದರಿಂದ ಹತ್ತನೇ ಕ್ಲಾಸಿನವರೆಗೂ ಕನ್ನಡ ಮಾಧ್ಯಮದಲ್ಲೇ ಓದಿರಬೇಕು. ಎಂಟನೇ ಕ್ಲಾಸಿಗೆ ಬಂದು ಸೇರಿದವರಿಗೆ ಸಿಗುವುದಿಲ್ಲ. ಅದನ್ನು ನಂಬಿಕೊಂಡು ಸೇರಿಸಬೇಡಿ. ಉಚಿತ ಸೀಟಿನ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ ಕೂಡ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯ ಆಗುವುದಿಲ್ಲ. ಸುಪ್ರೀಂ ಕೋರ್ಟ್ 2014ರ ಮೇ 6ರಂದು ಹಾಗೆ ಹೇಳಿತು. ಅದೇ ದಿನ, ಮಾತೃಭಾಷೆಯಲ್ಲೇ ಪ್ರಾಥಮಿಕ ಶಿಕ್ಷಣ ಎಂದು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂಬ ತೀರ್ಪೂ ಬಂತು. ಕನ್ನಡ ಮಾಧ್ಯಮದ ಕ್ಲಾಸುಗಳು ತೆಳ್ಳಗಾಗುತ್ತಾ ಬಂದುದನ್ನು ಹಾಜರಿ ಪುಸ್ತಕದಲ್ಲಿ ಕಣ್ಣಾರೆ ನೋಡಿದವನು ನಾನು. ನಾನು ಸೇರಿದಾಗ ಎರಡು ಸೆಕ್ಷನ್ ಇದ್ದವು. ಬಿಟ್ಟು ಬರುವಾಗ ಒಂದೇ, ಅದರಲ್ಲೂ ಕೊನೆಯ ಎರಡು ಬೆಂಚು ಖಾಲಿ.

ಹೊಲಿಗೆಮನೆ, ಕೇಸರೆ | ಮೇ 11, ರಾತ್ರಿ

ಮೇಷ್ಟ್ರೇ, ತುಂಬಾ ಉಪಕಾರ. ಹೋದ ವರ್ಷವೇ ನೀವು ಸಿಕ್ಕಿದ್ದರೆ ನಮ್ಮತ್ತೆಗೆ ಓದಿ ಹೇಳಬಹುದಿತ್ತು.

ಮುಂದಿನದು ಬರೆಯುತ್ತೇನೆ. ಆಗಸ್ಟ್ 15. ನಮಗೆಲ್ಲ ಸ್ವಾತಂತ್ರ್ಯ ದಿನ. ಅವರಿಗೆ ಅದೇ ದಿನ ಯೇಸುವಿನ ತಾಯಿ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬವೂ ಹೌದು. ಸಿಸ್ಟರ್‌ಗಳು, ಕ್ರೈಸ್ತ ಮಕ್ಕಳು ಬೆಳಗ್ಗೆ ಬೇಗ ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು ನೇರ ಧ್ವಜಾರೋಹಣಕ್ಕೆ ಬರುತ್ತಾರೆ. ತಲೆಯಲ್ಲಿ ಮಲ್ಲಿಗೆ, ಎದೆಯ ಮೇಲೆ ಧ್ವಜದ ಬ್ಯಾಡ್ಜು. ಪಥಸಂಚಲನಕ್ಕೆ ಮೂವತ್ತು ಬಿಳಿ ಪ್ಯಾಂಟು ಸಡಿಲ ಆಗಿತ್ತು ಎಂದು ಹಿಂದಿನ ದಿನ ಸಂಜೆ ನನಗೆ ಹೇಳಿ ಕಳಿಸಿದರು. ಮಿಷನ್ ಆಟೋದಲ್ಲಿ ಹಾಕಿಕೊಂಡು ಹೋಗಿ ಸ್ಟಾಫ್ ರೂಮಿನಲ್ಲೇ ಕೂತು ರಾತ್ರಿ ಒಂಬತ್ತರವರೆಗೆ ಹೊಲಿದೆ. ಒಬ್ಬರು ಸಿಸ್ಟರ್ ಪಕ್ಕದಲ್ಲಿ ಕೂತು ಕಾಜಾ, ಗುಂಡಿ ಹಾಕಿದರು. ಅವರ ಕೈಹೊಲಿಗೆ ನನಗಿಂತ ಚೆನ್ನಾಗಿತ್ತು. ಅವತ್ತಿಂದ ಆ ಶಾಲೆ ಮಗಳದು ಮಾತ್ರ ಅಲ್ಲ, ನನ್ನದೂ ಆಯಿತು.

ಸೆಪ್ಟೆಂಬರಿನಲ್ಲಿ 7ನೇ ತಾರೀಖು ಶನಿವಾರ ಗಣೇಶನ ಹಬ್ಬ, 8 ಭಾನುವಾರ ಮರಿಯಮ್ಮನವರ ಹುಟ್ಟುಹಬ್ಬ. ದೇವರಾಜ ಮಾರ್ಕೆಟಿನಲ್ಲಿ ಸೇವಂತಿಗೆ ಎರಡು ಮಾರು ತಂದೆ. ಒಂದು ಮಾರು ಮನೆಯ ಗಣಪತಿಗೆ, ಒಂದು ಮಾರು ಮಗಳ ಕೈಲಿ ಮಾತೆಗೆ. ನಮ್ಮತ್ತೆಯೇ ಕತ್ತರಿಸಿ ಕೊಟ್ಟರು.

ಗಾಂಧಿನಗರ ಕಾಯಿರ್ | ಮೇ 11, ರಾತ್ರಿ

ಮರಿಯಮ್ಮನವರ ಆ ಹುಟ್ಟುಹಬ್ಬಕ್ಕೆ ಮುಂಚೆ ಒಂಬತ್ತು ದಿನ ನವೇನ ಎಂಬ ಪ್ರಾರ್ಥನೆ ನಡೆಯುತ್ತದೆ ಅಕ್ಕ. ಅವರನ್ನೇ ಆರೋಗ್ಯ ಮಾತೆ ಎನ್ನುತ್ತೇವೆ, ಅವರ ಧ್ವಜ ಆಗಸ್ಟ್ 29ಕ್ಕೇ ಏರುತ್ತದೆ.

ನವೆಂಬರ್ ಬಗ್ಗೆ ನಾನೊಂದು ಸೇರಿಸುತ್ತೇನೆ. ನವೆಂಬರ್ 1 ರಾಜ್ಯೋತ್ಸವ, ಅದೇ ದಿನ ನಮಗೆ ಸಕಲ ಸಂತರ ಹಬ್ಬ. ಹೋದ ಸಲ ಅದರ ಜೊತೆ ದೀಪಾವಳಿಯೂ ಬಂದಿತ್ತು. ಬೆಳಗ್ಗೆ ಪೂಜೆ, ಆಮೇಲೆ ಕನ್ನಡ ಬಾವುಟ, ಸಂಜೆ ಪಕ್ಕದ ಮನೆಯವರ ಜೊತೆ ಪಟಾಕಿ. ಮಾರನೇ ದಿನ ನವೆಂಬರ್ 2, ತೀರಿಹೋದವರ ದಿನ. ನಾವು ಕಲ್ಲರೆ ಹಬ್ಬ ಎನ್ನುತ್ತೇವೆ. ಸಮಾಧಿ ತೊಳೆದು, ಹೂ ಇಟ್ಟು, ಮೇಣದಬತ್ತಿ ಹಚ್ಚುತ್ತೇವೆ. ಶಾಲೆಯಲ್ಲಿದ್ದಾಗ ನಮ್ಮ ಕ್ಲಾಸಿನವನೊಬ್ಬ, ಅವನು ಹಿಂದೂ ಹುಡುಗ, ನನ್ನ ಜೊತೆ ಬಂದು ನಮ್ಮ ಗಣಿತದ ಮೇಷ್ಟ್ರ ಸಮಾಧಿ ಹುಡುಕಿ ಬತ್ತಿ ಹಚ್ಚಿದ್ದ. ಈಗಲೂ ಪ್ರತಿ ವರ್ಷ ಬರುತ್ತಾನೆ.

1989 ಬ್ಯಾಚ್ | ಮೇ 12

ನಮ್ಮ ಕಾಲದಲ್ಲಿ ದಸರಾ ರಜೆ ಅಂದರೆ ಪಂಜಿನ ಕವಾಯತು. ಬನ್ನಿಮಂಟಪದ ಮೈದಾನಕ್ಕೆ ಪಾಸ್ ಇಲ್ಲದವರೆಲ್ಲ ಮರ ಹತ್ತಿ ನೋಡುತ್ತಿದ್ದೆವು.

ಅಕ್ಕ, ನಿಮ್ಮ ಶಾಲೆಯಲ್ಲಿ ಈಗಲೂ ಕ್ರಿಸ್‌ಮಸ್‌ಗೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ ಕಟ್ಟುತ್ತಾರಾ? ನಾವು ಮಣ್ಣು, ಹುಲ್ಲು, ಮರದ ರೆಂಬೆ ಎಲ್ಲ ಹೊತ್ತು ತಂದು ಮೂರು ದಿನ ಕಟ್ಟುತ್ತಿದ್ದೆವು. ಈಗ ಎಲ್ಲ ಕಡೆ ಥರ್ಮೋಕೋಲ್, ಸೀರಿಯಲ್ ಸೆಟ್ಟು. ಹೇಳಿ.

ಹೊಲಿಗೆಮನೆ, ಕೇಸರೆ | ಮೇ 12

ಅಣ್ಣ, ಅದನ್ನು ಬರೆಯಬೇಕು ಎಂದೇ ಇಷ್ಟು ಹೊತ್ತು ಕಾದಿದ್ದೆ.

ಡಿಸೆಂಬರ್ ಶುರುವಿನಲ್ಲಿ ಮಗಳು ಬಂದು "ಅಮ್ಮ, ಗೋದಲಿಗೆ ರಾಗಿ ಪೈರು ಬೇಕಂತೆ, ನಮ್ಮನೇಲಿ ರಾಗಿ ಇದ್ಯಲ್ಲ" ಎಂದಳು. ಯೇಸು ಹುಟ್ಟಿದ ಕೊಟ್ಟಿಗೆಯ ಸುತ್ತ ಹಸಿರು ಬೇಕು. ಅದಕ್ಕೆ ರಾಗಿ ಬಿತ್ತುತ್ತಾರೆ. ಇದು ನಮ್ಮ ಕೈಲಿರುವ ಕೆಲಸ, ಅಲ್ವಾ? ಊರಿಗೆ ಫೋನ್ ಮಾಡಿದೆ. ನಮ್ಮಮ್ಮ ಬಸ್ಸಿನಲ್ಲಿ ಐದು ಸೇರು ಹೊಸ ರಾಗಿ, ಎರಡು ಕಂತೆ ಭತ್ತದ ಹುಲ್ಲು ಕಳಿಸಿದರು.

12ನೇ ತಾರೀಖು ರಾತ್ರಿ ರಾಗಿ ನೆನೆ ಹಾಕಿದೆವು. ಮಾರನೇ ದಿನ ನೀರು ಬಸಿದು ಬಿಳಿ ಪಂಚೆಯಲ್ಲಿ ಕಟ್ಟಿಟ್ಟೆವು. ಎರಡು ದಿನಕ್ಕೆ ಗಂಟು ಬಿಚ್ಚಿದರೆ ಒಳಗೆಲ್ಲ ಬಿಳಿ ಮೊಳಕೆ, ಒಂದಕ್ಕೊಂದು ಹೆಣೆದುಕೊಂಡು ಹತ್ತಿಯ ಹಾಗೆ. ಮಗಳ ಕ್ಲಾಸಿನ ಏಳು ಮಕ್ಕಳು ನಮ್ಮ ಮನೆಗೇ ಬಂದರು. ಬಿಸ್ಕತ್ ಡಬ್ಬಿಯ ಮುಚ್ಚಳ, ಹಳೇ ತಟ್ಟೆ, ಒಡೆದ ಬಕೆಟ್ಟಿನ ತಳ, ಸಿಕ್ಕಿದ್ದಕ್ಕೆಲ್ಲ ಮಣ್ಣು ಹಾಸಿ ಮೊಳಕೆ ಹರಡಿದರು. ಒಂದು ಹುಡುಗಿ ಸಾಬರ ಮನೆಯವಳು, ಅವಳ ಕೈ ತುಂಬಾ ಹಗುರ. ಅವಳು ಹರಡಿದ ತಟ್ಟೆಯಲ್ಲೇ ಪೈರು ಒಂದೇ ಸಮ ಬಂದಿತ್ತು. ಮೊದಲು ಮೂರು ದಿನ ಮಂಕರಿ ಮುಚ್ಚಿ ಕತ್ತಲಲ್ಲಿ ಇಡಬೇಕು. ಆಗ ಉದ್ದ ಬೆಳೆಯುತ್ತದೆ, ಬಣ್ಣ ಹಳದಿ. ಆಮೇಲೆ ಬಿಸಿಲಿಗಿಟ್ಟರೆ ಒಂದೇ ದಿನದಲ್ಲಿ ಹಸಿರಾಗುತ್ತದೆ. ಆ ಬಣ್ಣ ತಿರುಗುವುದನ್ನು ಮಕ್ಕಳು ಶಾಲೆ ಬಿಟ್ಟ ಮೇಲೆ ಬಂದು ಬಂದು ನೋಡುತ್ತಿದ್ದರು. ಮೇಡಂ ಅಲ್ಲೇ ದ್ಯುತಿಸಂಶ್ಲೇಷಣೆ ಇನ್ನೊಂದು ಸಲ ಹೇಳಿಕೊಟ್ಟರಂತೆ.

ಆ ತಿಂಗಳು ಒಂದಲ್ಲ ಒಂದು ಅಡ್ಡಿ. ಎಸ್.ಎಂ. ಕೃಷ್ಣ ಅವರು 10ರಂದು ತೀರಿಕೊಂಡರು, ಮಾರನೇ ದಿನ ರಜೆ. ನಾಟಕದ ಪ್ರಾಕ್ಟೀಸು ನಿಂತಿತು. 20ರಿಂದ 22ರವರೆಗೆ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ. ಕನ್ನಡದ ಮೇಷ್ಟ್ರು ಹನ್ನೊಂದು ಮಕ್ಕಳನ್ನು ರೈಲಿನಲ್ಲಿ ಕರೆದುಕೊಂಡು ಹೋದರು. ಮಗಳು ಪುಸ್ತಕದ ಅಂಗಡಿಗಳಲ್ಲೇ ಕಾಲು ಸವೆಸಿ ಬಂದಳು. ಒಂದು ಕನ್ನಡ ನಿಘಂಟು ಕೊಂಡಿದ್ದಳು, ನಾನು ತಿಂಡಿಗೆ ಎಂದು ಕೊಟ್ಟ ದುಡ್ಡಿನಲ್ಲಿ. ಏಳು ತಿಂಗಳ ಹಿಂದೆ ಲ.ಸಾ.ಅ. ಗೊತ್ತಿಲ್ಲದೆ ಅತ್ತಿದ್ದ ಹುಡುಗಿ.

23ಕ್ಕೆ ಶಾಲೆಯ ಕ್ರಿಸ್‌ಮಸ್. ತಟ್ಟೆಗಳನ್ನು ಆಟೋದಲ್ಲಿ ಇಟ್ಟುಕೊಂಡು ಯಜಮಾನರು ದಾರಿಯುದ್ದಕ್ಕೂ ಎರಡನೇ ಗೇರಿನಲ್ಲೇ ಬಂದರು, ಪೈರು ಮುರಿಯಬಾರದು ಎಂದು. ಸಂಜೆ ದೀಪ ಹಚ್ಚಿದಾಗ ನೋಡಬೇಕಿತ್ತು. ಮಧ್ಯೆ ಕೊಟ್ಟಿಗೆ, ಸುತ್ತ ನಮ್ಮ ಊರಿನ ಹುಲ್ಲು, ಅದರಾಚೆ ರಾಗಿ ಹೊಲ. ನಮ್ಮಮ್ಮ ಊರಿಂದ ಬಂದಿದ್ದರು. ಕೈ ಮುಗಿದು ಬಹಳ ಹೊತ್ತು ನಿಂತರು. "ಬಾಣಂತಿ ಪಾಪ ಎಷ್ಟು ಚಳೀಲಿ ಹೆತ್ತವ್ಳೋ" ಎಂದರು.

ನಿವೃತ್ತ ಮೇಷ್ಟ್ರು, ಬನ್ನಿಮಂಟಪ | ಮೇ 12

ಓದಿ ಕಣ್ಣು ಒದ್ದೆಯಾಯಿತಮ್ಮ.

ಇದು ಇವತ್ತಿನ ಕಥೆಯಲ್ಲ. ಶ್ರೀರಂಗಪಟ್ಟಣ ಬಿದ್ದ 1799ರ ನಂತರ ಅಬ್ಬೆ ದುಬೊಯಿಸ್ ಎಂಬ ಫ್ರೆಂಚ್ ಪಾದ್ರಿ ಈ ಕಡೆ ಬಂದರು. ನಮ್ಮ ಜನರ ಉಡುಗೆ ತೊಟ್ಟು, ನಮ್ಮ ಊಟ ಮಾಡಿ ಬದುಕಿದರು. ಸಿಡುಬಿನ ಲಸಿಕೆ ಹಾಕಿಸಲು ಊರೂರು ತಿರುಗಿದರು. ಗಂಜಾಂನಲ್ಲಿ ಅವರ ಕಾಲದ ಚರ್ಚು ಈಗಲೂ ಇದೆ. ಈಗಿನ ಫಿಲೋಮಿನಾ ಚರ್ಚಿನ ಜಾಗದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ ಒಂದು ಸಣ್ಣ ಚರ್ಚು ಇತ್ತು. ದೊಡ್ಡದಕ್ಕೆ ಅಡಿಗಲ್ಲು ಇಟ್ಟವರು ನಾಲ್ವಡಿಯವರು, 1933ರ ಅಕ್ಟೋಬರ್ 28ರಂದು. 175 ಅಡಿಯ ಆ ಜೋಡಿ ಗೋಪುರ ನೋಡಿಕೊಂಡೇ ನನ್ನ ಎಷ್ಟೋ ಶಿಷ್ಯರು ಶಾಲೆಗೆ ನಡೆದು ಬರುತ್ತಿದ್ದರು. ಅರಮನೆಯವರು ಕೈ ಹಾಕಿ ಕಟ್ಟಿಸಿದ್ದು ಅದು. ಮೈಸೂರಿನವರಿಗೆ ಎಂದೂ ಬೇರೆಯವರದು ಅನ್ನಿಸಿಲ್ಲ.

ಹೂಟಗಳ್ಳಿ ಅಪ್ಪ | ಮೇ 12

ಎಲ್ಲರಿಗೂ ಧನ್ಯವಾದ. ಇನ್ನೊಂದು ಪ್ರಶ್ನೆ. ಟೀಚರುಗಳು ಪೂರ್ತಿ ಇದ್ದಾರಾ? ಅನುದಾನಿತ ಶಾಲೆಗಳಲ್ಲಿ ಹುದ್ದೆ ಖಾಲಿ ಎಂದು ಕೇಳಿದ್ದೇನೆ. ಹತ್ತನೇ ಕ್ಲಾಸಿಗೆ ಬಂದಾಗ ಗಣಿತಕ್ಕೆ ಮೇಷ್ಟ್ರೇ ಇಲ್ಲ ಎಂದರೆ ಏನು ಮಾಡುವುದು?

ಹೊಲಿಗೆಮನೆ, ಕೇಸರೆ | ಮೇ 13

ಸರ್, ಪೂರ್ತಿ ಇಲ್ಲ. ಇದ್ದದ್ದನ್ನು ಇದ್ದ ಹಾಗೇ ಹೇಳುತ್ತೇನೆ. ಇಬ್ಬರು ಸರ್ಕಾರದ ಸಂಬಳದಲ್ಲಿ ಇಲ್ಲ, ಆಡಳಿತದವರು ಕೊಡುವ ಕಡಿಮೆ ಸಂಬಳಕ್ಕೆ ದುಡಿಯುತ್ತಾರೆ. ಅದರಲ್ಲಿ ಒಬ್ಬರು ಆ ವಿಜ್ಞಾನದ ಮೇಡಂ.

ಜನವರಿಯಲ್ಲಿ ಆಗಿದ್ದು ಕೇಳಿ. ಬೆಲ್ ಹೊಡೆಯುವ ಆಯಮ್ಮನಿಗೆ ಅರವತ್ತು ತುಂಬಿತು. 31ಕ್ಕೆ ನಿವೃತ್ತಿ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಹದಿನಾಲ್ಕು ಕೋಣೆ ಗುಡಿಸುವವರು ಅವರು. ಮೊದಲ ಸಲ ಮುಟ್ಟಾದ ಹುಡುಗಿಯರನ್ನು ಒಳಗೆ ಕರೆದುಕೊಂಡು ಹೋಗಿ ಧೈರ್ಯ ಹೇಳುವವರೂ ಅವರೇ. ನನ್ನ ಮಗಳಿಗೂ ಅವರೇ ಹೇಳಿದ್ದು. ಮನೆಗೆ ನಡೆಸಿಕೊಂಡು ಬಂದು, "ಬಯ್ಯಬೇಡಿ, ಬಿಸಿನೀರು ಕೊಡಿ" ಎಂದು ನನಗೆ ಹೇಳಿ ಹೋದರು.

ಬೀಳ್ಕೊಡುಗೆಗೆ ಎಲ್ಲ ಸೇರಿ ರೇಷ್ಮೆ ಸೀರೆ ತಂದೆವು. ಬ್ಲೌಸು ನಾನು ಹೊಲಿದೆ. ಅಳತೆ ತೆಗೆಯುವಾಗ ನೋಡಿದೆ, ಬಲಗೈ ತೋಳು ಎಡಗೈಗಿಂತ ಒಂದಿಂಚು ದಪ್ಪ. ಇಪ್ಪತ್ತೆಂಟು ವರ್ಷ ಸಲಾಕೆ ಹಿಡಿದ ಕೈ ಅದು. ಎರಡು ತೋಳಿಗೂ ಬೇರೆ ಬೇರೆ ಅಳತೆ ಇಟ್ಟು ಹೊಲಿದೆ. ಹಾಕಿಕೊಂಡ ತಕ್ಷಣ ಅವರಿಗೆ ಗೊತ್ತಾಯಿತು. "ಯಾರೂ ಹಿಂಗ್ ಹೊಲ್ದಿರ್ಲಿಲ್ಲ ಕಣವ್ವ, ಬಲಗಡೆ ಯಾವಾಗ್ಲೂ ಬಿಗೀತಿತ್ತು" ಎಂದು ನನ್ನ ಕೈ ಹಿಡಿದುಕೊಂಡರು. ಅವತ್ತು ಕೊನೇ ಬೆಲ್ ಹೊಡೆದು, ಸಲಾಕೆಯನ್ನು ಸೆರಗಲ್ಲಿ ಒರೆಸಿ, ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಕೈಗೆ ಕೊಟ್ಟರು. ಸಿಸ್ಟರ್ ಬಗ್ಗಿ ಅವರ ಕಾಲು ಮುಟ್ಟಿದರು. ಮಕ್ಕಳೆಲ್ಲ ಸದ್ದಿಲ್ಲದೆ ನಿಂತಿದ್ದರು.

ಅವರ ಹುದ್ದೆ ಇನ್ನೂ ತುಂಬಿಲ್ಲ. ಫೆಬ್ರವರಿಯಿಂದ ಒಂಬತ್ತನೇ ಕ್ಲಾಸಿನ ಮಕ್ಕಳು ಸರದಿ ಮೇಲೆ ಬೆಲ್ ಹೊಡೆಯುತ್ತಿದ್ದಾರೆ. ಗುಡಿಸಲು ಒಬ್ಬರನ್ನು ಅರ್ಧ ದಿನಕ್ಕೆ ಇಟ್ಟುಕೊಂಡಿದ್ದಾರೆ. ಆಯಮ್ಮ ಸುಮ್ನೆ ಕೂರಲಾಗದೆ ವಾರಕ್ಕೆರಡು ಸಲ ಬರುತ್ತಾರೆ, ಅಡುಗೆಯವರ ಜೊತೆ ಕೂತು ಸೊಪ್ಪು ಬಿಡಿಸುತ್ತಾರೆ.

ನಿವೃತ್ತ ಮೇಷ್ಟ್ರು, ಬನ್ನಿಮಂಟಪ | ಮೇ 13

ಹೂಟಗಳ್ಳಿಯವರ ಪ್ರಶ್ನೆಗೆ ಹಿನ್ನೆಲೆ ಇಷ್ಟು. ಅನುದಾನಿತ ಶಾಲೆಯಲ್ಲಿ ಒಬ್ಬರು ನಿವೃತ್ತರಾದರೆ, ಆ ಜಾಗ ತುಂಬಲು ಸರ್ಕಾರದ ಅನುಮತಿ ಬೇಕು. ಮಕ್ಕಳ ಸಂಖ್ಯೆ ಕಡಿಮೆ ಇದ್ದರೆ ಅನುಮತಿ ಸಿಗುವುದು ಕಷ್ಟ. ಮೇಷ್ಟ್ರು ಇಲ್ಲ ಎಂದು ಜನ ಮಕ್ಕಳನ್ನು ಸೇರಿಸುವುದಿಲ್ಲ. ಮಕ್ಕಳಿಲ್ಲ ಎಂದು ಮೇಷ್ಟ್ರು ಬರುವುದಿಲ್ಲ. ಈ ಗಂಟು ಬಿಚ್ಚಬೇಕಾದರೆ ಎಲ್ಲೋ ಒಂದು ಕಡೆ ಯಾರಾದರೂ ಮಗುವನ್ನು ತಂದು ಕೂರಿಸಬೇಕು. ಈ ತಾಯಿ ಅದನ್ನೇ ಮಾಡಿದ್ದು.

ಸಲಾಕೆ ಒರೆಸಿ ಕೊಟ್ಟ ಮಾತು ಓದಿ ನಮ್ಮ ಶಾಲೆಯ ಆಯಮ್ಮ ಕಣ್ಮುಂದೆ ಬಂದರು. ನಾಳೆ ಹೋಗಿ ಮಾತಾಡಿಸಿಕೊಂಡು ಬರುತ್ತೇನೆ.

1989 ಬ್ಯಾಚ್ | ಮೇ 13

ಅಕ್ಕ, ಬಿಸಿಯೂಟ ಹೇಗಿದೆ? ನಮ್ಮ ಕಾಲದಲ್ಲಿ ಇರಲಿಲ್ಲ.

ಹೊಲಿಗೆಮನೆ, ಕೇಸರೆ | ಮೇ 13

ಅನ್ನ, ಸಾಂಬಾರು, ಬೆಳಗ್ಗೆ ಹಾಲು. ಹೋದ ಸೆಪ್ಟೆಂಬರಿನಿಂದ ಶಾಲೆ ಇರುವ ಆರೂ ದಿನ ಮೊಟ್ಟೆ ಕೊಡುತ್ತಾರೆ, ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರದ ಜೊತೆ ಸೇರಿ ಹಣ ಕೊಟ್ಟದ್ದರಿಂದ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು.

ಊಟದ ಮಾತು ಬಂದಿದ್ದಕ್ಕೆ ಮಾರ್ಚ್ ನೆನಪಾಯಿತು. ಈ ವರ್ಷ ರಂಜಾನ್ ಉಪವಾಸ ಮಾರ್ಚ್ 2ಕ್ಕೆ ಶುರುವಾಯಿತು. 5ಕ್ಕೆ ಕ್ರೈಸ್ತರ ವಿಭೂತಿ ಬುಧವಾರ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಶುರು. ಹೋದ ವರ್ಷದ ಗರಿಗಳ ಭಾನುವಾರದ ಗರಿ ಸುಟ್ಟ ಬೂದಿಯನ್ನೇ ಹಣೆಗೆ ಇಡುತ್ತಾರೆ. ಅವತ್ತು ಹದಿನೆಂಟು ದಾಟಿದವರಿಗೆ ಉಪವಾಸ, ಹದಿನಾಲ್ಕು ದಾಟಿದ ಮಕ್ಕಳಿಗೆ ಮಾಂಸ ಇಲ್ಲ. ಹೀಗಾಗಿ ಊಟದ ಸಾಲಿನಲ್ಲಿ ಒಂದು ಕಡೆ ಹಣೆಗೆ ಬೂದಿ ಇಟ್ಟವರು, ಇನ್ನೊಂದು ಕಡೆ ನೀರೂ ಕುಡಿಯದೆ ಕೂತವರು. ರಾಗಿ ಹರಡಿದ ಆ ಹುಡುಗಿ ಉಪವಾಸ ಇದ್ದಳು. ನನ್ನ ಮಗಳು, ಇನ್ನಿಬ್ಬರು ಅವಳ ಎದುರಿಗೆ ತಿನ್ನಬಾರದು ಎಂದು ಬಾವಿಕಟ್ಟೆ ಹಿಂದೆ ಕೂತು ಊಟ ಮಾಡುತ್ತಿದ್ದರಂತೆ. ಯಾರೂ ಹೇಳಿಕೊಟ್ಟಿರಲಿಲ್ಲ.

ಅದೇ ತಿಂಗಳು ಹತ್ತನೇ ಕ್ಲಾಸಿನವರ ಪರೀಕ್ಷೆ. 21ಕ್ಕೆ ಶುರುವಾಗಿ ಏಪ್ರಿಲ್ 4ಕ್ಕೆ ಮುಗಿಯಿತು. ಜನವರಿಯಿಂದಲೇ ಸಂಜೆ ಏಳರವರೆಗೆ ವಿಶೇಷ ತರಗತಿ. ಪೋಷಕರು ಸರದಿಯಲ್ಲಿ ತಿಂಡಿ ಕಳಿಸಿದೆವು. ನಮ್ಮದು ಗುರುವಾರ, ಚಿತ್ರಾನ್ನ. ಹಾಲ್ ಟಿಕೆಟ್ ಬಂದ ದಿನ ಚರ್ಚಿನ ಪೀಠದ ಮೇಲಿಟ್ಟು ಫಾದರ್ ಪ್ರಾರ್ಥನೆ ಮಾಡಿಕೊಟ್ಟರು. ಕೆಲವರು ಅದೇ ಟಿಕೆಟನ್ನು ಚಾಮುಂಡಿ ಬೆಟ್ಟದ ತಾಯಿಯ ಹತ್ತಿರವೂ ತೆಗೆದುಕೊಂಡು ಹೋದರು.

ಫಲಿತಾಂಶ ಮೇ 2ಕ್ಕೆ ಬಂತು. ಹೆಚ್ಚು ಜನ ಪಾಸು. ಇಬ್ಬರಿಗೆ ಗಣಿತ ಉಳಿದಿದೆ. ಹೂಟಗಳ್ಳಿ ಸರ್, ನಿಮ್ಮ ಗಣಿತದ ಪ್ರಶ್ನೆಗೆ ಇದೇ ಉತ್ತರ ಎಂದುಕೊಳ್ಳಿ. ಈ ತಿಂಗಳ ಕೊನೆಯಲ್ಲಿ ಪರೀಕ್ಷೆ-2 ಇದೆ. ಬೇಸಿಗೆ ರಜೆಯಲ್ಲೂ ಗಣಿತದ ಮೇಷ್ಟ್ರು ದಿನಾ ಬೆಳಗ್ಗೆ ಬಂದು ಆ ಇಬ್ಬರಿಗೇ ಪಾಠ ಮಾಡುತ್ತಿದ್ದಾರೆ. ಶಾಲೆಗೆ ಸುಣ್ಣ ಬಳಿಯುತ್ತಿರುವುದರಿಂದ ಚರ್ಚಿನ ಜಗುಲಿಯಲ್ಲಿ ಬೋರ್ಡ್ ಇಟ್ಟುಕೊಂಡಿದ್ದಾರೆ. ಇದಕ್ಕೆ ಅವರಿಗೆ ಯಾರೂ ದುಡ್ಡು ಕೊಡುವುದಿಲ್ಲ.

ಗಾಂಧಿನಗರ ಕಾಯಿರ್ | ಮೇ 13

ಆ ಜಗುಲಿಯ ಕ್ಲಾಸಿನ ಮಾತು ಕೇಳಿ ನನಗೂ ನೆನಪಾಯಿತು ಅಕ್ಕ. ಏಪ್ರಿಲ್ 20 ಈಸ್ಟರ್, ಮಾರನೇ ದಿನ ಪೋಪ್ ಫ್ರಾನ್ಸಿಸ್ ತೀರಿಕೊಂಡರು. ಆ ಸಂಜೆ ಚರ್ಚಿನಲ್ಲಿ ಜಪಸರ ಇಟ್ಟಿದ್ದೆವು. ರಜೆ ಇದ್ದರೂ ನಮ್ಮ ಶಾಲೆಯ ಮಕ್ಕಳು ಮೂವತ್ತು ಜನ ಬಂದಿದ್ದರು, ಎಲ್ಲರೂ ಕ್ರೈಸ್ತರಲ್ಲ. "ನಮ್ಮ ಸಿಸ್ಟರಿಗೆ ಬೇಜಾರಾಗಿರುತ್ತೆ ಅಂತ ಬಂದ್ವಿ" ಎಂದರು. ಹೊಸ ಪೋಪ್ ಆಯ್ಕೆಯಾದ ಮೇ 8ರ ರಾತ್ರಿ ಗಂಟೆ ಬಾರಿಸಿದಾಗಲೂ ಅದೇ ಮಕ್ಕಳು ಓಡಿ ಬಂದರು.

ಹೂಟಗಳ್ಳಿ ಅಪ್ಪ | ಮೇ 14

ನಿನ್ನೆ ರಾತ್ರಿ ನಾನು, ನನ್ನ ಹೆಂಡತಿ ಇದನ್ನೆಲ್ಲ ಮೊದಲಿಂದ ಓದಿದೆವು. ಮಗನಿಗೂ ಓದಿಸಿದೆವು. ಅವನು ಕೇಳಿದ್ದು ಒಂದೇ, "ಬೆಲ್ ಹೊಡೆಯೋಕೆ ಎಂಟನೇ ಕ್ಲಾಸಿನವರಿಗೂ ಕೊಡ್ತಾರಾ?" ಎಂದು.

ಒಂದು ಸಲ ಬಂದು ನೋಡುತ್ತೇವೆ. ಏನೇನು ತರಬೇಕು? ಯಾರನ್ನು ಕೇಳಬೇಕು?

ಹೊಲಿಗೆಮನೆ, ಕೇಸರೆ | ಮೇ 14

ಖಂಡಿತ ಬನ್ನಿ ಸರ್. ಹಿಂದಿನ ಶಾಲೆಯ ಟಿ.ಸಿ., ಅಂಕಪಟ್ಟಿ, ಮಗನ ಮತ್ತು ನಿಮ್ಮಿಬ್ಬರ ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ನಾಲ್ಕು ಫೋಟೋ. ಸ್ಯಾಟ್ಸ್ ಸಂಖ್ಯೆ, ಅಂದರೆ ಶಿಕ್ಷಣ ಇಲಾಖೆಯಲ್ಲಿ ಮಗುವಿನ ದಾಖಲೆ ಸಂಖ್ಯೆ, ಹಿಂದಿನ ಶಾಲೆಯಲ್ಲೇ ಬರೆಸಿಕೊಂಡು ಬನ್ನಿ, ಅದಿಲ್ಲದೆ ಆನ್‌ಲೈನ್‌ನಲ್ಲಿ ಸೇರಿಸಲು ಆಗುವುದಿಲ್ಲ. ಟಿ.ಸಿ. ಕೊಡಲು ಸತಾಯಿಸಿದರೂ ಮಗನನ್ನು ಕರೆದುಕೊಂಡೇ ಬನ್ನಿ, ಸಿಸ್ಟರ್ ದಾರಿ ಹೇಳುತ್ತಾರೆ.

ಶಾಲೆಯ ಹೆಸರು, ವಿಳಾಸ ನಿಮಗೆ ಬೇರೆಯಾಗಿ ಕಳಿಸಿದ್ದೇನೆ. ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಬನ್ನಿ. ಯೂನಿಫಾರಂ ಅಳತೆ ತೆಗೆಯಲು ನಾನೂ ಅವತ್ತು ಅಲ್ಲೇ ಇರುತ್ತೇನೆ. ಜಗುಲಿಯಲ್ಲಿ ಗಣಿತದ ಮೇಷ್ಟ್ರು ಸಿಗುತ್ತಾರೆ, ಮಾತಾಡಿ. ಬೆಲ್ ವಿಷಯ ಆಯಮ್ಮನನ್ನು ಕೇಳಿದೆ. ಒಂಬತ್ತನೇ ಕ್ಲಾಸಿನವರಿಗೆ ಮಾತ್ರ ಅಂತೆ. ಆದರೆ ಶುಕ್ರವಾರ ಅವರು ಬರುತ್ತಾರೆ, ಸಲಾಕೆ ಹೇಗೆ ಹಿಡಿಯಬೇಕು ಎಂದು ಈಗಲೇ ತೋರಿಸಿಕೊಡುತ್ತೇನೆ ಎಂದಿದ್ದಾರೆ.